ಮೂರನೆಯ ಬೇಡ

ಬೇಡ ಎಂದವಳು ತಾನೇ ಎಂಬುದು ನಾಜೆಲಿಗೆ ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಹೊಸದಾಗಿ ನೆನಪಾಗುತ್ತಿತ್ತು. ಕನ್ನಡಿಯಲ್ಲಿನ ಬಾಯಿ ನೊರೆ ತುಂಬಿಕೊಂಡು ಏನೂ ಅರಿಯದ ಮಗುವಿನ ಬಾಯಿಯಂತೆ ಕಾಣುತ್ತಿತ್ತು. ಈ ಬಾಯಿಯೇ ತಾನೆ ಅಂದದ್ದು ಎಂದು ಅವಳು ಬೇಕೆಂದೇ ಜೋರಾಗಿ ಉಜ್ಜುತ್ತಿದ್ದಳು, ವಸಡು ಉರಿಯುವವರೆಗೆ. ಹನ್ನೊಂದು ದಿನವಾಗಿತ್ತು. ಆ ಮಂಗಳವಾರ ಮಧ್ಯಾಹ್ನ ಸಿಡ್ನಿಯ ಉತ್ತರ ಭಾಗದ ಸಂಸದೆ ಜೂಡಿತ್ ಪ್ರೆಂಟಿಸ್ ಅವರ ಕಚೇರಿಗೆ ಮೂವರು ಹೋಗಿದ್ದರು. ಅರ್ಮೇನಿಯನ್ ಸಮಿತಿಯ ಅಧ್ಯಕ್ಷ, ಗಡಿಯಾರ ರಿಪೇರಿಯ ಬರೋನ್, ಅಂದರೆ ಶ್ರೀಯುತ, ವಾಹ್ರಾಮ್; ಶನಿವಾರದ ಅರ್ಮೇನಿಯನ್ ಶಾಲೆಯ ಮುಖ್ಯೋಪಾಧ್ಯಾಯಿನಿ ದಿಗಿನ್, ಅಂದರೆ ಶ್ರೀಮತಿ, ಸಿರ್ವಾರ್ತ್; ಮತ್ತು ಹಲ್ಲು ಕಟ್ಟುವ ಕೆಲಸದ, ಇಪ್ಪತ್ತಾರು ವರ್ಷದ ನಾಜೆಲಿ. ಅವಳನ್ನು ಕರೆದುಕೊಂಡು ಹೋದದ್ದಕ್ಕೆ ಇದ್ದ ಕಾರಣ ಒಂದೇ, ಉಳಿದಿಬ್ಬರು ಬೈರೂತಿನಿಂದ ಬಂದವರು, ಅವಳು ಇಲ್ಲೇ ಹುಟ್ಟಿದವಳು, ಈ ಜನರ ರೀತಿ ಬಲ್ಲವಳು. ಬರೋನ್ ವಾಹ್ರಾಮ್ ನಕ್ಷೆ ಬಿಚ್ಚಿ ತೋರಿಸಿದ. ಬೆಟ್ಟದ ಮೇಲಿನ ಆರ್ತ್ಸಾಖಿನಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ಅರ್ಮೇನಿಯನ್ನರು, ಅವರಿಗೆ ಹೊರಲೋಕಕ್ಕೆ ಇರುವುದು ಒಂದೇ ಒಂದು ದಾರಿ, ಆ ದಾರಿಯನ್ನು ಅಜರ್‌ಬೈಜಾನ್ ಡಿಸೆಂಬರಿನಿಂದ ಮುಚ್ಚಿ ಕೂತಿದೆ, ದಾರಿ ಬಿಡಿ ಎಂದು ಜಗತ್ತಿನ ನ್ಯಾಯಾಲಯ ಫೆಬ್ರವರಿಯಲ್ಲೇ ಹೇಳಿದೆ, ಬಿಟ್ಟಿಲ್ಲ, ಆಸ್ಟ್ರೇಲಿಯಾ ಸುಮ್ಮನಿದೆ. ಸುಮ್ಮನಿರಬಾರದು, ಮುಚ್ಚಿದವರ ಹೆಸರು ಹಿಡಿದು ಹೇಳಬೇಕು, ಹೊಣೆಗಾರರಿಗೆ ನಿರ್ಬಂಧ ಹಾಕಬೇಕು, ಹಿಟ್ಟು ಔಷಧಿ ಕಳಿಸಬೇಕು, ವೀಕ್ಷಕರನ್ನು ಕಳಿಸಿ ಎಂದು ಉಳಿದ ದೇಶಗಳನ್ನು ಒತ್ತಾಯಿಸಬೇಕು. ಸಂಸದೆ ಗಲ್ಲಕ್ಕೆ ಕೈಕೊಟ್ಟು ಎಲ್ಲ ಕೇಳಿದಳು. ಕೊನೆಗೆ ಡೈರಿ ತೆರೆದು, ಸಂಸತ್ತು ಮತ್ತೆ ಸೇರುವ ಸೋಮವಾರ ತನಗೆ ತೊಂಬತ್ತು ಸೆಕೆಂಡು ಮಾತಾಡುವ ಸರದಿ ಇದೆ, ಇದನ್ನೇ ಮಾತಾಡಲೇ ಎಂದು ಕೇಳಿದಳು.

ಆಗ ನಾಜೆಲಿ ಅಂದದ್ದು, "ಅಯ್ಯೋ ಬೇಡ, ನಿಮಗ್ಯಾಕೆ ಅಷ್ಟೊಂದು ತೊಂದರೆ."

ಅಂದಮೇಲೆ ಅವಳಿಗೆ ಹಿತವಾಯಿತು. ಅದನ್ನು ನೆನೆದರೆ ಈಗ ಮೈ ಬಿಸಿಯಾಗುತ್ತದೆ. ಬರೋನ್ ವಾಹ್ರಾಮ್ ಎದೆಯ ಮೇಲೆ ಕೈಯಿಟ್ಟು, ನೀವು ಕೂತು ಕೇಳಿದ್ದೇ ನಮಗೆ ದೊಡ್ಡದು ಎಂದ. ದಿಗಿನ್ ಸಿರ್ವಾರ್ತ್ ಕಣ್ಣು ಮುಚ್ಚಿ ಚಂದವಾಗಿ ತಲೆಯಲ್ಲಾಡಿಸಿದಳು. ಮೂವರೂ ಕುರ್ಚಿಗೆ ಒರಗಿ, ಊಟದ ಎಲೆಯ ಮುಂದೆ ಕೂತ ನೆಂಟರ ಹಾಗೆ, ಎರಡನೆಯ ಸಲ ಕೇಳುವುದನ್ನು ಕಾಯುತ್ತ ಕೂತರು. ಸಂಸದೆ, "ಸರಿ, ನಿಮ್ಮಿಷ್ಟ" ಎಂದು ಪೆನ್ನಿನ ಮುಚ್ಚಳ ಹಾಕಿದಳು. ಟಕ್ ಎಂದ ಆ ಸಣ್ಣ ಸದ್ದು ನಾಜೆಲಿ ಮೊದಲೇ ಕೇಳಿದ್ದ ಸದ್ದು. ಏಳು ವರ್ಷದವಳಿದ್ದಾಗ ಶಾಲೆಯ ಗೆಳತಿಯ ಮನೆಯಲ್ಲಿ ಅವಳಮ್ಮ ಕೇಕ್ ತಂದು ಬೇಕಾ ಎಂದಿದ್ದಳು, ಇವಳು ಬೇಡ ಎಂದಿದ್ದಳು, ಕೇಕ್ ತಿರುಗಿ ಹೋಗಿ ಫ್ರಿಜ್ಜಿನ ಬಾಗಿಲು ಮುಚ್ಚಿಕೊಂಡಿತ್ತು. ಕತ್ತಲಾಗುವವರೆಗೆ ಅವಳು ಆ ಬಾಗಿಲನ್ನೇ ನೋಡುತ್ತ ಆಟವಾಡಿದ್ದಳು. ಮನೆಗೆ ಬಂದು ಅತ್ತಾಗ ಮೆಜ್‌ಮಾಮಾ, ಅವಳ ಅಜ್ಜಿ, ಪಾಪ ಆ ಹೆಂಗಸಿಗೆ ಯಾರೂ ಹೇಳಿಕೊಟ್ಟಿಲ್ಲ ಎಂದು ಮರುಗಿದ್ದು ಆ ಹೆಂಗಸಿಗಾಗಿ. ಮೆಜ್‌ಮಾಮಾಳ ಮನೆಯಲ್ಲಿ ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಕೇಳಿದವರ ಮನಸ್ಸು ನೋಡುವುದಕ್ಕೆ, ಮೂರನೆಯ ಸಲ ಕೇಳಿದಾಗ ತಟ್ಟೆ ಮುಂದೆ ಮಾಡಬೇಕು. ಅವಳ ಕತೆಗಳಲ್ಲೂ ಹಾಗೆಯೇ. ಬಾವಿ ಮೂರು ಸಲ ಕೇಳುತ್ತಿತ್ತು, ಕುದುರೆ ಮೂರು ಸಲ ಕೇಳುತ್ತಿತ್ತು, ಏಳು ತಲೆಯ ದೈತ್ಯ ಕೂಡ ತಿನ್ನುವ ಮೊದಲು ಮೂರು ಸಲ ಕೇಳುತ್ತಿದ್ದ. ಜಗತ್ತು ಎಲ್ಲವನ್ನೂ ಮೂರು ಸಲ ಕೇಳುತ್ತದೆ ಎಂದೇ ನಾಜೆಲಿ ಬೆಳೆದಳು. ಆದರೆ ಫ್ರಿಜ್ಜಿನ ಬಾಗಿಲಿನ ಸದ್ದು ಗೊತ್ತಿದ್ದವಳು ಆ ಮೂವರಲ್ಲಿ ಅವಳೊಬ್ಬಳೇ.

ಬೀದಿಗೆ ಬಂದಮೇಲೆ ಬರೋನ್ ವಾಹ್ರಾಮ್ ಕಾರಿನ ಬಾಗಿಲು ತೆಗೆದು, ಹತ್ತದೆ, ಅದರ ಮೇಲೆ ಮೊಣಕೈಯಿಟ್ಟು ನಿಂತ. ಅವಳು ಮತ್ತೆ ಕೇಳುತ್ತಾಳೆ ಅಂತ ಕಾಯುತ್ತಿದ್ದೆ ಎಂದ. ನಾನೂ ಎಂದಳು ದಿಗಿನ್ ಸಿರ್ವಾರ್ತ್. ಆಮೇಲೆ ಇಬ್ಬರೂ ನಾಜೆಲಿಯ ಕಡೆ ತಿರುಗಿದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ನೀನು ಇಲ್ಲೇ ಹುಟ್ಟಿದವಳಲ್ವಾ ಮಗಳೇ," ಎಂದ ಆತ, ಗಡಿಯಾರದೊಳಗೆ ಮುರಿದ ಹಲ್ಲು ಹುಡುಕುವವನ ಮೆತ್ತನೆಯ ದನಿಯಲ್ಲಿ. "ನಿನ್ನನ್ನ ಕರ್ಕೊಂಡು ಹೋಗಿದ್ದೇ ಅದಕ್ಕೆ."

ಸಮಿತಿ ಎರಡು ಪತ್ರ ಕಳಿಸಿತು. ತಮ್ಮ ಪತ್ರ ತಲುಪಿದೆ ಎಂದು ಯಂತ್ರ ಉತ್ತರಿಸಿತು. ಫೋನು ಮಾಡಿದರೆ, ಆ ಸರದಿ ಬೋಲಿಂಗ್ ಕ್ಲಬ್ಬಿನ ನೂರನೆಯ ವರ್ಷಕ್ಕೆ ಹೋಗಿದೆ ಎಂದು ಕಚೇರಿಯವರು ಹೇಳಿದರು. ನಾಜೆಲಿ ತನ್ನ ಕೆಲಸದ ಮೇಜಿನ ಮುಂದೆ, ಯಾರದೋ ಬಾಯಿಯ ಅಚ್ಚಿನ ಮೇಣದಲ್ಲಿ ಕಟ್ಟುಹಲ್ಲು ಕೂರಿಸುತ್ತ, ದಿನವಿಡೀ ಒಂದೇ ಸಂಭಾಷಣೆಯನ್ನು ತಿದ್ದಿದಳು. ಮಾತಾಡಲೇ? ಹೌದು. ಮಾತಾಡಲೇ? ಖಂಡಿತ. ಎಷ್ಟು ಸುಲಭ. ಅಚ್ಚಿನೊಳಗಿನ ಬಾಯಿಗಳು ಅವಳನ್ನು ನೋಡಿ ನಕ್ಕವು. ಊರಿನ ಅರ್ಧದಷ್ಟು ಮುದುಕರ ಬಾಯಿ ತೆರೆಸುವವಳಿಗೆ ತನ್ನ ಬಾಯಿ ತೆರೆಯಲು ಬರಲಿಲ್ಲ.

ಶನಿವಾರ ಬೆಳಿಗ್ಗೆ ಸಂಸದೆ ಅಂಗಡಿ ಬೀದಿಯಲ್ಲಿ ಮಡಚುವ ಮೇಜು ಹಾಕಿಕೊಂಡು ಜನರ ಅಹವಾಲು ಕೇಳುತ್ತಾಳೆ ಎಂಬ ಚೀಟಿ ಅಂಚೆ ಡಬ್ಬಿಯಲ್ಲಿ ಬಿದ್ದಿತ್ತು. ಮರದ ಕೊಂಬೆ, ಪಾರ್ಕಿಂಗ್, ಹೊಂಡ ಬಿದ್ದ ಕಾಲುದಾರಿ ಎಂದು ಅದರಲ್ಲಿ ಚಿತ್ರಗಳಿದ್ದವು. ಆ ಶನಿವಾರ ನಾಜೆಲಿ ಬಾಯಿ ಮುಕ್ಕಳಿಸಿ ಅಡುಗೆಮನೆಗೆ ಬಂದಾಗ ಮೆಜ್‌ಮಾಮಾ ಆಗಲೇ ಒಲೆಯಿಂದ ಎರಡನೆಯ ತಟ್ಟೆ ಬೊರೆಗ್ ತೆಗೆದಿದ್ದಳು. ಚೀಸ್ ತುಂಬಿದ ಮುಕ್ಕೋನಗಳು ಇನ್ನೂ ಚಟಪಟ ಎನ್ನುತ್ತಿದ್ದವು. ಚರ್ಚಿಗೆ ಹೋಗುವಾಗಿನ ನೀಲಿ ಕೋಟು ಹಾಕಿಕೊಂಡಿದ್ದಳು, ಅದರ ಮೇಲೆ ಅಡುಗೆಯ ಏಪ್ರನ್.

ನಾನೊಬ್ಬಳೇ ಹೋಗುತ್ತೇನೆ ಎಂದಳು ನಾಜೆಲಿ.

"ಬರಿಗೈಲಿ ಹೋಗಿ ಕೇಳ್ತೀಯಾ? ನಿನ್ನನ್ನ ಸಾಕಿದ್ದು ನಾನೋ, ಬೆಕ್ಕೋ?"

"ಅದು ಕಚೇರಿ ಕೆಲಸ, ಮೆಜ್‌ಮಾಮಾ. ತಿಂಡಿ ಕೊಟ್ರೆ ಲಂಚ ಅಂತಾರೆ."

"ಚೀಸು ಲಂಚವಾ?" ಎಂದು ಅಜ್ಜಿ ಬಿಸ್ಕತ್ತಿನ ಡಬ್ಬಿಗೆ ಬೊರೆಗ್ ಜೋಡಿಸತೊಡಗಿದಳು. "ಹಾಗಾದ್ರೆ ನಿಮ್ಮಜ್ಜ ಮದುವೆಗೆ ಮುಂಚೆ ಒಂದು ವರ್ಷ ಲಂಚ ತಿಂದ."

ಮೇಜಿನ ಮೇಲೆ ಫೋನು ಮಿನುಗುತ್ತಿತ್ತು. ಆರ್ತ್ಸಾಖಿನ ಸ್ತೆಪಾನಕೆರ್ತಿನಿಂದ ಗೆಳತಿ ಅರೆವಿಕ್‌ಳ ದನಿಯ ಸಂದೇಶ ರಾತ್ರಿಯೇ ಬಂದು ಕೂತಿತ್ತು. ಅಲ್ಲಿ ಕರೆಂಟು ಬಂದಾಗ ಮಾತ್ರ ಬರುವ ದನಿ ಅದು. ನಾಲ್ಕು ವರ್ಷದ ಹಿಂದೆ ನಾಜೆಲಿ ಆ ಊರಿಗೆ ಹೋಗಿ ನಾಲ್ಕು ತಿಂಗಳು ಅರೆವಿಕ್‌ಳ ಮನೆಯಲ್ಲೇ ಇದ್ದು, ಅವಳ ಪುಟ್ಟ ಅಂಗಡಿಯಲ್ಲಿ ಹಲ್ಲು ಕಟ್ಟುವುದನ್ನು ಕಲಿತಿದ್ದಳು. ಕಿಟಕಿಯ ಹೊರಗೆ ಹಿಪ್ಪುನೇರಳೆ ಮರ, ಅದರ ಕೆಳಗೆ ಹಾಸಿದ ಬಟ್ಟೆ, ಕೊಂಬೆ ಅಲ್ಲಾಡಿಸಿದರೆ ಹಣ್ಣಿನ ಮಳೆ. ಇಬ್ಬರ ತುಟಿಯೂ ಕೆಲಸದ ಮೇಜಿನ ಮುಂದೆ ನೇರಳೆ ಬಣ್ಣ. ಈಗ ಮೆಜ್‌ಮಾಮಾ ಎಣ್ಣೆಗೈಯಲ್ಲೇ ಫೋನನ್ನು ಒತ್ತಿದಳು, ಅರೆವಿಕ್ ಅಡುಗೆಮನೆ ತುಂಬ ನಕ್ಕಳು. ಊರಿನಲ್ಲಿ ಪೆಟ್ರೋಲಿಲ್ಲ, ಹಾಗಾಗಿ ಎಲ್ಲರೂ ನಡೆಯುತ್ತಾರೆ. ಸಕ್ಕರೆಯಿಲ್ಲ, ಹಾಗಾಗಿ ಎಲ್ಲರೂ ಸಿನಿಮಾ ನಟಿಯರಂತೆ ಸೊಂಟ ಇಳಿಸಿದ್ದಾರೆ. ರೊಟ್ಟಿಯ ಸಾಲಿನಲ್ಲಿ ಆರು ಗಂಟೆ ನಿಂತರೆ ಮೂರು ಮದುವೆ ಕುದುರುತ್ತವೆ. "ಕೇಳು ನಾಜೆಲಿ, ನಿನ್ನೆ ಒಬ್ಬ ತಾತನಿಗೆ ಮೇಲೂ ಕೆಳಗೂ ಪೂರ್ತಿ ಹಲ್ಲು ಕೂರಿಸಿ ಕಳಿಸಿದೆ. ಬಾಗಿಲಿಗೆ ಹೋದವನು ವಾಪಸ್ ಬಂದ. ಮಗಳೇ, ಹಲ್ಲು ಬಂತು, ಕಡಲೆ ಎಲ್ಲಿ ಅಂದ." ಮತ್ತೆ ನಗು. ನಗುವಿನ ಹಿಂದೆ ಸ್ವಲ್ಪ ಕೆಮ್ಮು. ಆಮೇಲೆ, ನಿನ್ನ ಆ ಸಂಸದೆ ಏನಂದಳು, ಮಾತಾಡುತ್ತಾಳಂತಾ ಎಂಬ ಪ್ರಶ್ನೆ, ಮತ್ತು ಕರೆಂಟು ಹೋದ ಮೌನ. ಇದೇ ಪ್ರಶ್ನೆಗೆ ನಾಜೆಲಿ ಕಳೆದ ವಾರ, ಯೋಚನೆ ಮಾಡುತ್ತಿದ್ದಾಳೆ ಎಂದು ಉತ್ತರ ಕಳಿಸಿದ್ದಳು. ಆ ಸುಳ್ಳು ಅವಳ ಹೊಟ್ಟೆಯಲ್ಲಿ ಅಗಿಯದೆ ನುಂಗಿದ ತುತ್ತಿನ ಹಾಗೆ ಕೂತಿತ್ತು.

ಹೊರಗೆ ಜುಲೈ ಕೊನೆಯ ಚಳಿಗಾಲದ ಬಿಸಿಲು, ಹೊಸದಾಗಿ ತೊಳೆದ ಗಾಜಿನಂಥದು. ತಂತಿಯ ಮೇಲೆ ಬಿಳಿ ಕಾಕಟೂ ಗಿಳಿಗಳು ಯಾರದೋ ಮಾಡಿನ ರಬ್ಬರು ಕಿತ್ತು ಕೆಳಗೆಸೆಯುತ್ತ, ಬಿದ್ದದ್ದನ್ನು ತಲೆಯೋರೆ ಮಾಡಿ ನೋಡುತ್ತ ಕೂತಿದ್ದವು. ನಾಜೆಲಿಗೆ ಇದ್ದಕ್ಕಿದ್ದಂತೆ ಸಂತೋಷವಾಯಿತು. ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು. ಅಲ್ಲಿ ರೊಟ್ಟಿಯ ಸಾಲು, ಇಲ್ಲಿ ನಿನಗೆ ಬಿಸಿಲು ಎಂದು ಒಳಗಿನಿಂದ ಯಾರೋ ಅಂದರು. ಆದರೆ ಆ ದನಿ ಅರೆವಿಕ್‌ಳದಾಗಿರಲಿಲ್ಲ. ಅರೆವಿಕ್ ಈ ಬಿಸಿಲಿನಲ್ಲಿದ್ದಿದ್ದರೆ ಚಪ್ಪಲಿ ಬಿಚ್ಚಿ ಹುಲ್ಲಿನ ಮೇಲೆ ನಡೆಯುತ್ತಿದ್ದಳು, ಕಾಕಟೂಗಳಿಗೆ ತಕ್ಕ ಹೆಸರಿಡುತ್ತಿದ್ದಳು. ದುಃಖದಲ್ಲಿರುವವರು ತನಗಿಂತ ಚೆನ್ನಾಗಿ ನಗುತ್ತಾರೆ. ದೂರದಲ್ಲಿ ಸುಖವಾಗಿರುವ ತಾನು ಅವರ ಪರವಾಗಿ ಮುಖ ಗಂಟು ಹಾಕಿಕೊಂಡಿದ್ದೇನೆ. ಅದರಿಂದ ಅಲ್ಲಿ ಒಂದು ಹಿಡಿ ಹಿಟ್ಟು ಹೆಚ್ಚಾಯಿತೇ? ಪಕ್ಕದಲ್ಲಿ ಮೆಜ್‌ಮಾಮಾ ಡಬ್ಬಿಯನ್ನು ಮಗುವಿನಂತೆ ಎದೆಗವಚಿ, ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತಿದ್ದಳು.

ಮೇಜಿನ ಮುಂದೆ ಏಳೆಂಟು ಜನರ ಸಾಲಿತ್ತು. ಇವರ ಮುಂದೆ ಬಿಳಿ ಟೋಪಿಯ ಎತ್ತರದ ಮುದುಕ, ಅವನ ಕಾಲ ಬಳಿ ನಾಯಿ. ಸಾಲಿನಲ್ಲಿ ಸುಮ್ಮನೆ ನಿಲ್ಲುವುದು ಮೆಜ್‌ಮಾಮಾಳಿಗೆ ತಿಳಿದ ಕೆಲಸವಲ್ಲ. ಅವಳು ಡಬ್ಬಿ ತೆರೆದು ಮುದುಕನ ಮುಂದೆ ಹಿಡಿದಳು. ಬೇಡ, ಧನ್ಯವಾದ, ಈಗತಾನೆ ತಿಂಡಿಯಾಯಿತು ಎಂದ ಆತ. ಅವಳು ಡಬ್ಬಿ ತೆಗೆಯಲಿಲ್ಲ. ಆತ ಮತ್ತೆ ಬೇಡ ಎಂದ. ಅವಳು ಡಬ್ಬಿಯನ್ನು ಎರಡು ಬೆರಳಿನಷ್ಟು ಮೇಲೆತ್ತಿದಳು. ಪರಿಮಳ ಅವನ ಮೂಗಿಗೆ ತಾಗಿರಬೇಕು. ಮೂರನೆಯ ಸಲಕ್ಕೆ ಆತ ಒಂದು ತೆಗೆದುಕೊಂಡು ಬಾಯಿಗಿಟ್ಟು, ಒಂದು ಕ್ಷಣ ಬೀದಿಯನ್ನೆಲ್ಲ ಮರೆತು ನಿಂತ. ಆಮೇಲೆ ಅಂಜೂರದ ಮರ ಕಡಿಯಬಾರದೆಂದು ಹೇಳಲು ಬಂದ ಹೆಂಗಸು, ಪಾರ್ಕಿಂಗಿನವನು, ಎಲ್ಲರೂ ಎರಡೆರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ತಿಂದರು. ನಾಜೆಲಿ ಕೆಂಪಾಗಿ ನೆಲ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿದರೆ ಸಾಲು ಸಾಲಾಗಿ ಉಳಿದಿರಲಿಲ್ಲ, ಒಂದು ಸಣ್ಣ ಮದುವೆಮನೆಯಾಗಿತ್ತು. ಟೋಪಿಯ ಮುದುಕನ ಹೆಸರು ಕ್ಲೈವ್ ಎಂದೂ, ಬೋಲಿಂಗ್ ಕ್ಲಬ್ಬಿನ ಕಾರ್ಯದರ್ಶಿಯೆಂದೂ, ಸೋಮವಾರದ ಭಾಷಣದಲ್ಲಿ ಕ್ಲಬ್ಬು ಕಟ್ಟಿದವರ ಹೆಸರು ತಪ್ಪಿಲ್ಲದೆ ಬರಲಿ ಎಂದು ಬರೆದು ತಂದಿದ್ದಾನೆಂದೂ ಅಜ್ಜಿ ಮುರುಕು ಇಂಗ್ಲಿಷಿನಲ್ಲಿ ಹೊರತೆಗೆದಿದ್ದಳು. ನಾಜೆಲಿ ಆ ಚೀಟಿಯನ್ನೇ ನೋಡಿದಳು. ತನ್ನ ತೊಂಬತ್ತು ಸೆಕೆಂಡು ಆ ಮನುಷ್ಯನ ಕೈಯಲ್ಲಿತ್ತು, ಎಣ್ಣೆಯ ಕಲೆಯೊಂದಿಗೆ.

ಸಂಸದೆ ನಾಜೆಲಿಯ ಗುರುತು ಹಿಡಿದಳು. ಮೇಜಿನ ಆಚೆಯಿಂದಲೇ ಕೈ ಚಾಚಿ, ಆವತ್ತು ಬಂದಿದ್ದಿರಲ್ಲ ಎಂದಳು. ನಾಜೆಲಿ ಬಾಯಿ ತೆರೆಯುವ ಮೊದಲೇ ಡಬ್ಬಿ ಮುಂದೆ ಹೋಗಿತ್ತು. ಸಂಸದೆ ಬೇಡವೆಂದಳು. ಸುತ್ತ ನಿಂತವರು ನಕ್ಕರು.

"ತಗೊಂಡ್ಬಿಡಿ ಜೂಡಿತ್," ಎಂದ ಕ್ಲೈವ್ ತುಂಬಿದ ಬಾಯಲ್ಲಿ. "ಈ ಅಜ್ಜಿಗೆ ಬೇಡ ಅಂದ್ರೆ ಅರ್ಥ ಆಗಲ್ಲ."

"ಅರ್ಥ ಆಗುತ್ತೆ," ಎಂದಳು ನಾಜೆಲಿ. ಅವಳ ದನಿ ಅವಳಿಗೇ ಹೊಸದಾಗಿತ್ತು. "ನಮ್ಮಲ್ಲಿ ಮೊದಲನೇ ಬೇಡಕ್ಕೆ ಬೇಡ ಅಂತ ಅರ್ಥ ಇಲ್ಲ, ಅಷ್ಟೇ. ಅದು ಮರ್ಯಾದೆ. ಮತ್ತೆ ಕೇಳ್ಬೇಕು."

ಸಂಸದೆ ಬೊರೆಗ್ ತೆಗೆದುಕೊಂಡವಳು ಅದನ್ನು ಬಾಯಿಗೊಯ್ಯದೆ ಅರ್ಧದಲ್ಲೇ ನಿಲ್ಲಿಸಿದಳು. ಅವಳ ಹುಬ್ಬು ನಿಧಾನ ಮೇಲೇರಿತು. ಹಾಗಾದರೆ ಆವತ್ತು ಕಚೇರಿಯಲ್ಲಿ ನೀವು ಮೂವರೂ ಬೇಡ ಅಂದದ್ದು ಎಂದು ಕೇಳಿದಳು. ಅದು ಮೊದಲನೆಯದು ಎಂದಳು ನಾಜೆಲಿ. ನಾವು ಎರಡನೆಯದಕ್ಕೆ ಕಾಯುತ್ತಿದ್ದೆವು. ನೀವು ಪೆನ್ನು ಮುಚ್ಚಿಬಿಟ್ಟಿರಿ. ಸಂಸದೆ ತಲೆ ಹಿಂದಕ್ಕೆಸೆದು ನಕ್ಕಳು. ಅಷ್ಟು ಜೋರಾಗಿ ನಕ್ಕಳೆಂದರೆ ನಾಯಿ ಎದ್ದು ನಿಂತಿತು. ನಾಜೆಲಿಗೂ ನಗು ಬಂತು, ತಡೆಯಲಾಗದ ನಗು, ಹನ್ನೊಂದು ದಿನ ಹಲ್ಲಿನ ಹಿಂದೆ ಹಿಡಿದಿಟ್ಟದ್ದು. ನಗುತ್ತಲೇ ಅವಳು, ಕೇಳಲು ಬಂದಿದ್ದೇನೆ, ನೀವು ಮಾತಾಡಬೇಕು, ನಮಗೆ ಬೇಕು ಎಂದಳು. ಬೇಕು ಎಂಬ ಆ ಪದ ಬರಿಗಾಲಲ್ಲಿ ಬೀದಿಗಿಳಿದಂತೆ ಇತ್ತು. ಕಲ್ಲೂ ಚುಚ್ಚಲಿಲ್ಲ, ಯಾರೂ ಸಾಯಲಿಲ್ಲ.

ಸಂಸದೆ ಕ್ಲೈವ್‌ನ ಕಡೆ ನೋಡಿದಳು. ಸರದಿ ಇವರ ಕ್ಲಬ್ಬಿಗೆ ಹೋಗಿದೆಯಲ್ಲ ಎಂದಳು. ಏನು ವಿಷಯ ಎಂದು ಕ್ಲೈವ್ ಕೇಳಿದ. ನಾಜೆಲಿ ಹೇಳಿದಳು, ನಕ್ಷೆಯಿಲ್ಲದೆ, ಅಂಕಿಯಿಲ್ಲದೆ. ಒಂದು ಊರಿದೆ, ಅದಕ್ಕೆ ಒಂದೇ ದಾರಿ, ಅದನ್ನು ಏಳು ತಿಂಗಳಿಂದ ಮುಚ್ಚಿದ್ದಾರೆ, ಅಲ್ಲಿ ನನಗೆ ಹಲ್ಲು ಕಟ್ಟಲು ಕಲಿಸಿದವಳಿದ್ದಾಳೆ. ತಾತನ ಮಾತನ್ನೂ ಹೇಳಿದಳು. ಕ್ಲೈವ್ ನಗಲಿಲ್ಲ. ತನ್ನ ಬಾಯಿಯೊಳಗಿನ ಕಟ್ಟುಹಲ್ಲಿನ ಸೆಟ್ಟನ್ನು ನಾಲಿಗೆಯಿಂದ ಒಮ್ಮೆ ಸರಿಮಾಡಿಕೊಂಡ. ಆಮೇಲೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಅಜ್ಜಿಯ ಕಡೆ ಕೈಚಾಚಿ, "ಇನ್ನೊಂದು ಕೊಡಿ ಇತ್ಲಾಗೆ. ನೂರು ವರ್ಷ ಆಗಿದೆ ನಮ್ಮ ಕ್ಲಬ್ಬಿಗೆ, ಇನ್ನೊಂದು ವಾರದಲ್ಲಿ ಅದೇನು ಹಳೇದಾಗಲ್ಲ" ಎಂದ.

ಸಂಸದೆ ಪೆನ್ನಿನ ಮುಚ್ಚಳ ತೆಗೆದಳು. ಬರೆಯುತ್ತ, ಬರೆದದ್ದನ್ನು ಓದುತ್ತ ಹೋದಳು. ಮಕ್ಕಳು, ಔಷಧಿ, ಚಳಿಗಾಲ, ಎಲ್ಲ ಚೆನ್ನಾಗಿ ಬಂದವು. ಕೊನೆಗೆ, ದಾರಿಯ ವಿಚಾರದಲ್ಲಿ ಎರಡೂ ಕಡೆಯವರು ಸಂಯಮ ತೋರಬೇಕು ಎಂದು ಮುಗಿಸುತ್ತೇನೆ, ಅದಕ್ಕೆ ಯಾರದೂ ತಕರಾರಿರುವುದಿಲ್ಲ ಎಂದಳು. ಆಗಬಹುದಾ?

ನಾಜೆಲಿಯ ನಗು ಅರ್ಧಕ್ಕೆ ನಿಂತಿತು. ಎಲ್ಲರ ಮುಖವೂ ಹಿಗ್ಗಿತ್ತು. ಮೆಜ್‌ಮಾಮಾ ಖುಷಿಯಲ್ಲಿ ತಲೆದೂಗುತ್ತಿದ್ದಳು. ತೊಂಬತ್ತು ಸೆಕೆಂಡು ಸಿಕ್ಕಿತ್ತು. ಅದನ್ನು ಎರಡು ಕೈಯಲ್ಲಿ ಹಿಡಿದು ಮನೆಗೆ ಓಡಿಬಿಡಬಹುದಿತ್ತು, ಬರೋನ್ ವಾಹ್ರಾಮ್‌ಗೆ ಫೋನು ಮಾಡಬಹುದಿತ್ತು, ಇವತ್ತು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು. ಎರಡೂ ಕಡೆಯವರು. ಅರೆವಿಕ್ ಆರು ಗಂಟೆ ಸಾಲಿನಲ್ಲಿ ಯಾವ ಸಂಯಮವನ್ನು ತೋರದೆ ನಿಂತಿದ್ದಾಳೆ? ಇನ್ನೂ ಎಷ್ಟು ಸೊಂಟ ಇಳಿಸಿದರೆ ಸಂಯಮ ಸಾಕಾಗುತ್ತದೆ?

"ಬೇಡ," ಎಂದಳು.

ಸಂಸದೆಗೆ ಈಗ ರೀತಿ ಗೊತ್ತಾಗಿತ್ತು. ಹೊಸ ಆಟ ಕಲಿತವಳ ಉತ್ಸಾಹದಲ್ಲಿ ಕಣ್ಣು ಮಿಟುಕಿಸಿ, ಇಲ್ಲ ಇಲ್ಲ, ನನಗೇನೂ ತೊಂದರೆಯಿಲ್ಲ, ಹೀಗೇ ಹೇಳುತ್ತೇನೆ ಎಂದು ಎರಡನೆಯ ಸಲ ಕೇಳಿದಳು.

"ಬೇಡ."

ಸುತ್ತಲಿನವರು ಮೂರನೆಯದಕ್ಕೆ ಕಾದರು. ಡಬ್ಬಿಯ ಮುಂದೆ ತಾವೂ ಹಾಗೇ ನಿಂತಿದ್ದರಲ್ಲ, ಅವರಿಗೆ ಕೊನೆ ಗೊತ್ತಿತ್ತು. ಸಂಸದೆ ಮೂರನೆಯ ಸಲ ಕೇಳಿದಳು, ಅಷ್ಟರಲ್ಲಿ ಅವಳ ದನಿಯಲ್ಲಿ ಆಟ ಸ್ವಲ್ಪ ಕಡಿಮೆಯಾಗಿತ್ತು. ಮೆಜ್‌ಮಾಮಾ ನೀಲಿ ಕೋಟಿನ ಮರೆಯಲ್ಲಿ ಮೊಮ್ಮಗಳ ತೋಳನ್ನು ಚಿವುಟಿದಳು. "ಹೊಕೀಸ್, ನನ್ನ ಜೀವವೇ, ಮೂರಾಯ್ತು, ತಟ್ಟೆ ಮುಂದೆ ಮಾಡು" ಎಂದು ಅರ್ಮೇನಿಯನ್ನಿನಲ್ಲಿ ಪಿಸುಗುಟ್ಟಿದಳು.

"ಬೇಡ," ಎಂದಳು ನಾಜೆಲಿ. "ಇದು ನಮ್ಮನೆ ಬೇಡ ಅಲ್ಲ ಜೂಡಿತ್. ನಿಮ್ಮನೆ ಬೇಡ. ಎರಡೂ ಕಡೆ ಅನ್ನೋದಾದ್ರೆ ಕ್ಲಬ್ಬಿನ ಬಗ್ಗೆನೇ ಮಾತಾಡಿ, ಅವರಾದ್ರೂ ಖುಷಿಯಾಗಿರ್ತಾರೆ. ದಾರಿ ಮುಚ್ಚಿದ್ದು ಒಂದೇ ಕಡೆಯವರು. ಅವರಿಗೆ ಹೆಸರಿದೆ."

ಮೇಲೆ ಕಾಕಟೂಗಳು ಗಲಾಟೆ ಮಾಡಿದವು. ಸಂಸದೆ ಅವಳನ್ನು ನೋಡಿದಳು, ಆ ಮಂಗಳವಾರ ನೋಡಿರದ ಯಾರನ್ನೋ ನೋಡುವ ಹಾಗೆ. ಹೆಸರು ಹೇಳಿದರೆ ವಿದೇಶಾಂಗ ಖಾತೆಯವರಿಂದ ತನಗೆ ಫೋನು ಬರುತ್ತದೆ ಎಂದಳು. ಬರಲಿ, ಆಗ ಉಳಿದದ್ದನ್ನೂ ಅವರಿಗೆ ಹೇಳಿ ಎಂದಳು ನಾಜೆಲಿ. ನಿರ್ಬಂಧ ಹಾಕಿ ಅಂತ, ವೀಕ್ಷಕರನ್ನ ಕೇಳಿ ಅಂತ, ಹಿಟ್ಟು ಕಳಿಸಿ ಅಂತ. ಫೋನು ಹೇಗೂ ಅವರದೇ ಖರ್ಚು. ಸಂಸದೆಯ ತುಟಿಯ ತುದಿ ಅಲ್ಲಾಡಿತು. ಅವಳು ತಲೆ ಬಗ್ಗಿಸಿ, ಎರಡೂ ಕಡೆಯವರು ಎಂಬುದನ್ನು ಉದ್ದಕ್ಕೆ ಹೊಡೆದುಹಾಕಿ, ಅದರ ಮೇಲೆ ಅಜರ್‌ಬೈಜಾನ್ ಎಂದು ಬರೆದಳು. ದಾರಿಯ ಹೆಸರನ್ನು ನಾಜೆಲಿ ಅಕ್ಷರ ಅಕ್ಷರವಾಗಿ ಹೇಳಿದಳು. ಕಾಗದದ ಮೇಲೆ ನಿರ್ಬಂಧ ಬಂತು, ವೀಕ್ಷಕರು ಬಂದರು, ಹಿಟ್ಟೂ ಬಂತು. ನಾಜೆಲಿಯ ಎದೆಯೊಳಗೆ ಯಾರೋ ಕೊಂಬೆ ಹಿಡಿದು ಅಲ್ಲಾಡಿಸುತ್ತಿದ್ದ ಹಾಗಿತ್ತು.

ಕ್ಲೈವ್ ಕೈಗಡಿಯಾರ ನೋಡಿಕೊಂಡು ನಿಂತ, ಸಂಸದೆ ಸಂಸತ್ತಿನ ದನಿಯಲ್ಲಿ ಓದಿದಳು. ಅಂಜೂರದ ಮರದ ಹೆಂಗಸು ಅಗಿಯುವುದನ್ನು ನಿಲ್ಲಿಸಿದಳು. ನೂರಾನಾಲ್ಕು ಸೆಕೆಂಡಾಯಿತು. ಸಭಾಧ್ಯಕ್ಷರು ಮೈಕು ಮುಚ್ಚಿಬಿಡುತ್ತಾರೆ, ಏನು ತೆಗೆಯಲಿ ಎಂದು ಅವಳು ಕೇಳಿದಳು. ಮೊದಲಲ್ಲೇ ನಾಲ್ಕು ಸಾಲು ಧನ್ಯವಾದವಿತ್ತು, ಆಸ್ಟ್ರೇಲಿಯಾಕ್ಕೆ, ಸರ್ಕಾರಕ್ಕೆ, ಸದನಕ್ಕೆ. ಸಮಿತಿಯ ಪತ್ರದಲ್ಲಿ ಬರೋನ್ ವಾಹ್ರಾಮ್ ಹಟಮಾಡಿ ಹಾಕಿಸಿದ್ದನ್ನು ಸಂಸದೆ ಹಾಗೇ ಇಳಿಸಿಕೊಂಡಿದ್ದಳು. ಅದನ್ನು ತೆಗೆಯಿರಿ ಎಂದಳು ನಾಜೆಲಿ. ಧನ್ಯವಾದವನ್ನೇ ಎಂದು ಸಂಸದೆ ಕೇಳಿದಳು. ದಾರಿ ತೆರೆದ ಮೇಲೆ ನಮ್ಮಜ್ಜಿ ಬಂದು ಹೇಳುತ್ತಾಳೆ, ಡಬ್ಬಿಯ ಸಮೇತ ಎಂದಳು ನಾಜೆಲಿ. ಮತ್ತೆ ಓದಿದರು. ಎಂಬತ್ತೈದು.

"ಐದು ಸೆಕೆಂಡು ಉಳೀತು," ಎಂದಳು ಸಂಸದೆ. "ಇನ್ನೇನು ಸೇರಿಸೋಣ?"

"ಏನೂ ಬೇಡ. ದಾರಿ ತೆರೆಯಿರಿ ಅನ್ನೋ ಕೊನೇ ಮಾತನ್ನೇ ಇನ್ನೊಂದು ಸಲ ಹೇಳಿ. ಒಂದೇ ಸಲ ಹೇಳಿದ್ರೆ ನಮ್ಮವರು ಯಾರೂ ನಂಬಲ್ಲ."

ಸಂಸದೆ ಕ್ಲೈವ್‌ನ ಕಡೆ ತಿರುಗಿದಳು. ಆತ ಬಾಯೊಳಗೇ ಗುಣುಗುಣು ಹೇಳಿ ನೋಡುತ್ತ, ಮುಳ್ಳಿನ ಮೇಲೆ ಕಣ್ಣು ನೆಟ್ಟಿದ್ದ.

"ತಡವರಿಸದೆ ಹೇಳಿದ್ರೆ," ಎಂದ, "ಮೂರು ಸಲಕ್ಕೂ ಆಗುತ್ತೆ."